ಅಳತೆಗೆ ನಿಂತವಳು

ಬೇಕರಿಯವನ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬ ನಿಂತ ಹಾಗೆಯೇ ನೆಲದೊಳಗೆ ಇಳಿದುಹೋಯಿತು. ಬೆಳಗಿನ ಹೊತ್ತು. ಅವನ ಹೆಂಡತಿ ಒದ್ದೆ ಚಾದರವನ್ನು ಹಿಂಡಿ, ಒದರಿ, ಹಗ್ಗದ ಮೇಲೆ ಎಸೆದಿದ್ದಳು ಅಷ್ಟೆ. ಹಗ್ಗ ಮೆಲ್ಲಗೆ ಕೆಳಗೆ ಜಗ್ಗತೊಡಗಿತು. ಗಂಟು ಸಡಿಲವಾಯಿತೇನೋ ಎಂದು ತಿರುಗಿದರೆ ಕಂಬವೇ ಗಿಡ್ಡವಾಗುತ್ತಿದೆ. ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿ, ಅಡುಗೆಮನೆಯ ಮೆಟ್ಟಿಲು ಹತ್ತಿ ಹಿಂದೆ ನೋಡಿದಳು. ಕಂಬವಿಲ್ಲ, ಚಾದರವಿಲ್ಲ, ಬಕೆಟ್ಟೂ ಇಲ್ಲ. ಬಾಗಿಲಗಲದ ಒಂದು ಕಪ್ಪು ತೂತು, ಅದರೊಳಗಿಂದ ತಣ್ಣನೆಯ ಗಾಳಿ.

ಅವಳ ಕೂಗು ಕೇಳಿ ಪಕ್ಕದ ಮನೆಯಿಂದ ಮೊದಲು ಬಂದವಳು ಹೊಲಿಗೆಯಮ್ಮ. ಕೊರಳಲ್ಲಿ ಅಳತೆಯ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ. ಎಪ್ಪತ್ತು ದಾಟಿದರೂ ಆ ಬೀದಿಯವರ ಕೋಟು, ಲಂಗ, ಶಾಲೆಯ ಸಮವಸ್ತ್ರ ಎಲ್ಲ ಅವಳ ಕೈಯಿಂದಲೇ ಆಗಬೇಕು. ಬೇಲಿಯಾಚೆಯಿಂದ ಆ ಗಾಳಿ ಮುಖಕ್ಕೆ ಬಡಿದದ್ದೇ ತಡ, ಅವಳಿಗೆ ಗುರುತು ಹತ್ತಿತು. ಕಬ್ಬಿಣ, ಹಳೆಯ ನೀರು, ಕೊಳೆತ ಮರ ಎಲ್ಲ ಸೇರಿದ ಆ ವಾಸನೆಯನ್ನು ಅವಳು ಗಂಡನ ಅಂಗಿಯಿಂದ ಎಷ್ಟೋ ವರ್ಷ ಒಗೆದು ತೆಗೆದಿದ್ದಳು. ಸೂಜಿಗಳನ್ನು ಉಗಿದು, ಮಗುವನ್ನೆತ್ತಿಕೊಂಡು ಬೀದಿಗೆ ಬಾ, ಒಲೆ ಆರಿಸುವುದಕ್ಕೂ ನಿಲ್ಲಬೇಡ ಎಂದು ಬೇಕರಿಯವನ ಹೆಂಡತಿಗೆ ಹೇಳಿದಳು. ಗಣಿ ಬಾಯಿ ಬಿಟ್ಟಿದೆ ಎಂಬುದು ಆ ಬೀದಿಗೆ ಗೊತ್ತಾದದ್ದು ಹೀಗೆ.

ಗಣಿ ಮುಚ್ಚಿ ಒಂದು ತಲೆಮಾರೇ ಕಳೆದಿತ್ತು. ಮುಚ್ಚಿದವರು ಕಬ್ಬಿಣವನ್ನೆಲ್ಲ ಕಿತ್ತು ಗುಜರಿಗೆ ಹಾಕಿದರು, ಹೆಚ್ಚಿನ ಕಟ್ಟಡಗಳನ್ನು ಕೆಡವಿದರು, ಮಣ್ಣು ಹರವಿ ಸಮ ಮಾಡಿ ಹೋದರು. ಅದರ ಮೇಲೆ ಮನೆಗಳೆದ್ದವು, ಶಾಲೆ ಬಂತು, ಬಸ್ ಡಿಪೋ ಬಂತು. ಕಾಲ ಕೆಳಗೆ ಊರಿನಷ್ಟೇ ದೊಡ್ಡ ಇನ್ನೊಂದು ಟೊಳ್ಳು ಊರಿದೆಯೆಂದು ಎಲ್ಲರಿಗೂ ಗೊತ್ತು. ಆದರೆ ದಿನಾ ಅದನ್ನೇ ನೆನೆಯುತ್ತ ಕೂತರೆ ಸಂಸಾರ ಸಾಗುತ್ತದೆಯೇ? ಮರೆತಿದ್ದರು. ಅಂದು ನೆಲವೇ ನೆನಪಿಸಿತು.

ಮಧ್ಯಾಹ್ನದ ಹೊತ್ತಿಗೆ ಬೀದಿಯನ್ನೆಲ್ಲ ಖಾಲಿ ಮಾಡಿಸಿ ಜನರನ್ನು ಶಾಲೆಯ ಕೋಣೆಗಳಿಗೆ ಕಳಿಸಿದರು. ಮಕ್ಕಳ ಬೆಂಚುಗಳ ಮೇಲೆ ಮುದುಕರು ಮಲಗಿದರು. ಕಪ್ಪು ಹಲಗೆಯ ಕೆಳಗೆ ಸ್ಟೋವು ಹೊತ್ತಿಕೊಂಡಿತು. ಹೊಲಿಗೆಯಮ್ಮನ ಮಗಳು ಬಸ್ಸಿನ ಡ್ರೈವರು. ಸುದ್ದಿ ಕೇಳಿ ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಸಮವಸ್ತ್ರದಲ್ಲೇ ಓಡಿಬಂದು, ತಾಯಿಯನ್ನು ತಲೆಯಿಂದ ಕಾಲಿನವರೆಗೆ ತಡವಿ ನೋಡಿ, "ನಿನಗೇನೂ ಆಗಿಲ್ಲ ತಾನೆ?" ಎಂದಳು. ತನ್ನ ಹೊಲಿಗೆ ಯಂತ್ರವನ್ನು ಅಲ್ಲೇ ಬಿಟ್ಟು ಬಂದದ್ದು ಬಿಟ್ಟರೆ ಏನೂ ಆಗಿಲ್ಲ ಎಂದು ತಾಯಿ ಗೊಣಗಿದಳು.

ಮರುದಿನ ಸರ್ವೆಯವಳು ಬಂದಳು. ಕತ್ತರಿಸಿದ ಕೂದಲು, ಮೊಣಕಾಲುದ್ದದ ಕೆಸರು ಬೂಟು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆಗಳು. ಜನ ಆಗಲೇ ಕುದಿಯುತ್ತಿದ್ದರು. ಎಷ್ಟು ದಿನ ಹೀಗೆ? ಯಾರ ಮನೆ ಉಳಿಯುತ್ತದೆ, ಯಾರದು ಹೋಗುತ್ತದೆ? ಅವಳು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ಎಲ್ಲರ ಮಾತನ್ನೂ ಕೇಳಿದಳು. ಕೊನೆಗೆ ಎದ್ದುನಿಂತು, "ನಿಮಗೆ ಸುಳ್ಳು ಹೇಳಲ್ಲ," ಎಂದಳು. "ಇಲ್ಲೆಲ್ಲೋ ಗಾಳಿಗೆ ಅಂತ ತೋಡಿದ್ದ ಹಳೇ ಗಣಿಬಾವಿ ಇದೆ. ಒಂದು ನಕ್ಷೆ ರಸ್ತೆ ಕೆಳಗಿದೆ ಅನ್ನುತ್ತೆ, ಇನ್ನೊಂದು ಈ ಶಾಲೆ ಮೈದಾನದ ಆಚೆ ತುದೀಲಿದೆ ಅನ್ನುತ್ತೆ. ಎರಡೂ ಸರಿ ಇರೋಕೆ ಸಾಧ್ಯವಿಲ್ಲ. ನಿನ್ನೆ ಬಿದ್ದ ತೂತು ಬಾವಿಯ ಬಾಯೇನಲ್ಲ, ಮಣ್ಣು ಎಲ್ಲಿಗೋ ಜಾರಿಹೋಗಿ ಆದದ್ದು. ಎಲ್ಲಿಗೆ ಅಂತ ಗೊತ್ತಾಗೋ ತನಕ ಯಾರನ್ನೂ ಮನೆಗೆ ಬಿಡೋಕಾಗಲ್ಲ."

ಸುಮ್ಮನೆ ಅಲ್ಲಲ್ಲಿ ಕೊರೆದು ನೋಡಬಾರದೇ ಎಂದು ಬೇಕರಿಯವನು ಕೇಳಿದ. ಕತ್ತಲಲ್ಲಿ ಬಾಣ ಬಿಟ್ಟ ಹಾಗಾಗುತ್ತದೆ, ಯಂತ್ರದ ಅದುರುವಿಕೆಗೆ ಇನ್ನಷ್ಟು ಕುಸಿದರೂ ಕುಸಿಯಬಹುದು ಎಂದಳು ಅವಳು. ಆಮೇಲೆ ಅನುಮಾನಿಸುತ್ತಲೇ, ಗಣಿ ನಡೆಯುತ್ತಿದ್ದ ಕಾಲದ ಫೋಟೋಗಳೇನಾದರೂ ಯಾರ ಬಳಿಯಾದರೂ ಇವೆಯೇ ಎಂದು ಕೇಳಿದಳು.

ಹಿಂದಿನ ಬೆಂಚಿನಿಂದ ಬೀದಿಯ ಕ್ಷೌರದಂಗಡಿಯ ಮುದುಕ ಎದ್ದ. "ದೀಪದ ಮಾಮನ ಡಬ್ಬಗಳು ಏನಾದವು?" ಎಂದ. ಎಲ್ಲರ ಕಣ್ಣೂ ಹೊಲಿಗೆಯಮ್ಮನ ಮೇಲೆ ಬಿದ್ದವು.

ದೀಪದ ಮಾಮ ಅವಳ ಗಂಡ. ಗಣಿಗಿಳಿಯುವವರಿಗೆ ದೀಪ ಕೊಟ್ಟು, ಮೇಲೆ ಬಂದವರಿಂದ ವಾಪಸು ಪಡೆದು, ಒರೆಸಿ ಕೊಕ್ಕೆಗೆ ತೂಗುಹಾಕುವುದು ಅವನ ಕೆಲಸ. ಕೊಕ್ಕೆಯೊಂದು ಖಾಲಿ ಉಳಿದರೆ ಒಬ್ಬ ಇನ್ನೂ ಕೆಳಗಿದ್ದಾನೆಂದು ಅರ್ಥ. ಅಂಥ ದಿನ ಅವನು ಊಟಕ್ಕೆ ಬರುತ್ತಿರಲಿಲ್ಲ. ಊರು ಬಿಟ್ಟು ಹೊರಟ ಎಂಜಿನಿಯರೊಬ್ಬ ಹೋಗುವಾಗ ತನ್ನ ಹಳೆಯ ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟು ಹೋದ. ಅಲ್ಲಿಂದ ಶುರುವಾಯಿತು ಹುಚ್ಚು. ಯಾರೂ ಹೇಳಿಕೊಟ್ಟವರಿಲ್ಲ. ಹಾಳು ಮಾಡಿ ಮಾಡಿಯೇ ಕಲಿತ. ಮನೆಯ ಉಗ್ರಾಣಕ್ಕೆ ಕೆಂಪು ಬಲ್ಬು ಸಿಕ್ಕಿಸಿ ಒಳಗೆ ಸೇರಿಕೊಂಡನೆಂದರೆ ಹೆಂಡತಿ ಸಕ್ಕರೆ ಬೇಕೆಂದರೂ ಬಾಗಿಲು ತೆರೆಯುವಂತಿಲ್ಲ. "ಚಹಾ ಸಕ್ಕರೆ ಇಲ್ಲದೇ ಕುಡಿಯೋದು ಕಲಿತಿದ್ದೇ ಇವರ ಫೋಟೋದಿಂದ," ಎಂದು ಅವಳು ಬಂದವರೆದುರು ಹಂಗಿಸುತ್ತಿದ್ದಳು.

ಜನ ಮದುವೆಗೆ, ಮಗುವಿಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಇವನು ತೆಗೆದದ್ದೆಲ್ಲ ಯಾರೂ ಕೇಳದ ಚಿತ್ರಗಳು: ಅದಿರು ಆರಿಸುವ ಹೆಂಗಸರು, ದೀಪಕ್ಕೆ ಸಾಲು ನಿಂತವರು, ಕ್ಯಾಂಟೀನಿನ ಹಬೆ, ಬಾವಿಯ ಮೇಲಿನ ರಾಟೆ ಗೋಪುರಗಳು, ಚಿಮಣಿ, ನೀರಿನ ಟ್ಯಾಂಕು. ಅಷ್ಟಾದರೂ ಆಗಲಿ ಎನ್ನಬಹುದಿತ್ತು. ರಜೆಯ ದಿನ ಹೆಂಡತಿಯನ್ನೂ ಎಳೆದುಕೊಂಡು ಹೋಗಿ ಆ ಕಬ್ಬಿಣ, ಕಲ್ಲುಗಳ ಪಕ್ಕದಲ್ಲಿ ನಿಲ್ಲಿಸುತ್ತಿದ್ದ. ಯಾಕೆಂದು ಕೇಳಿದರೆ, ಪಕ್ಕದಲ್ಲೊಂದು ಆಳಿಲ್ಲದಿದ್ದರೆ ಅದು ಎಷ್ಟು ದೊಡ್ಡದೆಂದು ನೋಡಿದವರಿಗೆ ತಿಳಿಯಬೇಡವೇ ಎನ್ನುತ್ತಿದ್ದ. ಹೊಸ ಲಂಗ ಹೊಲಿದು ಉಟ್ಟು, ತಲೆ ಬಾಚಿ ಹೊರಟವಳಿಗೆ ಈ ಮಾತು ಮುಳ್ಳಿನ ಹಾಗೆ ಚುಚ್ಚಿತ್ತು. "ನಾನೇನು ಹೆಂಡತಿನೋ, ಅಳತೆಗೋಲೋ?" ಎಂದು ಒಮ್ಮೆ ಜಗಳವನ್ನೇ ಆಡಿದ್ದಳು. ಅವನು ತಲೆ ಕೆರೆದುಕೊಂಡು ನಕ್ಕಿದ್ದ. ಮಾತಿನಲ್ಲಿ ಅವನು ಬಲು ಬಡವ.

ಅವನು ತೀರಿಕೊಂಡ ಮೇಲೆ ಡಬ್ಬಗಳು ಹಾಗೆಯೇ ಉಳಿದವು, ನೆಗೆಟಿವ್ ತುಂಬಿದ ಬಿಸ್ಕತ್ತಿನ ತಗಡಿನ ಡಬ್ಬಗಳು. ಎಸೆಯಲು ಮನಸ್ಸು ಬರಲಿಲ್ಲ, ತೆರೆದು ನೋಡಲೂ ಬರಲಿಲ್ಲ. ಕೊನೆಗೆ ಅವನ್ನು ಎರಡು ಸಾಲಾಗಿ ಪೇರಿಸಿ, ಮೇಲೊಂದು ಹಲಗೆ ಹಾಕಿ, ಬಟ್ಟೆ ಕತ್ತರಿಸುವ ಮೇಜು ಮಾಡಿಕೊಂಡಿದ್ದಳು.

ಈಗ ಸರ್ವೆಯವಳು ಆಸೆಗಣ್ಣಿನಿಂದ ನೋಡುತ್ತಿದ್ದಾಳೆ. ಹೊಲಿಗೆಯಮ್ಮನಿಗೆ ನಾಚಿಕೆಯಾಯಿತು. ಗಂಡ ತೆಗೆದವೇನೂ ಸ್ಟುಡಿಯೋದವರ ಹಾಗಿಲ್ಲ, ನಿಮ್ಮ ಕೆಲಸಕ್ಕೆ ಬರುವಂಥವಲ್ಲ ಎಂದು ತಡವರಿಸಿದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕ್ಷೌರಿಕ ನೆನಪಿಸಿದ. ಹಿತ್ತಲ ಸುದ್ದಿ ಮಾತ್ರ ಸದ್ಯ ಎತ್ತಬೇಡಿ ಎಂದು ಬೇಕರಿಯವನು ಹೇಳಿದಾಗ ಎರಡು ದಿನದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನಗು ಕೇಳಿಸಿತು.

ಸರ್ವೆಯವಳೂ ಹೊಲಿಗೆಯಮ್ಮನ ಮಗಳೂ ತಲೆಗೆ ಹೆಲ್ಮೆಟ್ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು, ಮುಂದಿನ ಬಾಗಿಲಿನಿಂದ ಹೋಗಿ ಡಬ್ಬಗಳನ್ನು ಹೊತ್ತು ತಂದರು. ಹೊಲಿಗೆ ಯಂತ್ರವನ್ನೂ ತಂದಿದ್ದಕ್ಕೆ ಮಗಳು ತಾಯಿಯಿಂದ ಬೈಸಿಕೊಂಡಳು; ಬೈದವಳು ಆಮೇಲೆ ಹೋಗಿ ಅದನ್ನು ಮೆಲ್ಲಗೆ ಸವರಿ ಬಂದಳು.

ಮೇಷ್ಟರ ಕೋಣೆಯಲ್ಲಿ ಕೆಲಸ ನಡೆಯಿತು. ಒಂದೊಂದೇ ನೆಗೆಟಿವನ್ನು ಸ್ಕ್ಯಾನರ್ ಯಂತ್ರದೊಳಗೆ ತೂರಿಸಿದರೆ ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬಿಚ್ಚಿಕೊಳ್ಳುತ್ತಿತ್ತು. ಸುದ್ದಿ ಹಬ್ಬಿ ಕಿಟಕಿಯ ತುಂಬ ತಲೆಗಳು. ಗಣಿಗೆ ಇಳಿಯುವಾಗ ತೊಳೆದ ಮುಖದವರು, ಹತ್ತಿ ಬರುವಾಗ ಧೂಳು ಮೆತ್ತಿ ಕಪ್ಪಾದ ಮುಖದವರು. ಅದಿರು ಸಾಗುವ ಪಟ್ಟಿಯ ಮುಂದೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರ ಸಾಲು. ಕ್ಷೌರಿಕ ಆ ಸಾಲಿನಲ್ಲಿ ಒಬ್ಬಳ ಮೇಲೆ ಬೆರಳಿಟ್ಟು, ಥಟ್ಟನೆ ತಿರುಗಿ ಹೊರಗೆ ಹೋದ. ಅವಳು ಅವನ ತಾಯಿ. ಅವಳದೊಂದು ಚಿತ್ರವೂ ಅವರ ಮನೆಯಲ್ಲಿರಲಿಲ್ಲ. ಅವಳು ಹೋದಾಗ ಅವನಿನ್ನೂ ಮೀಸೆ ಮೂಡದ ಹುಡುಗ. ಮುಖ ಮರೆತುಹೋಗಿದೆ ಎಂದು ಯಾರಿಗೂ ಹೇಳದೆ ಇಷ್ಟು ಕಾಲ ಬದುಕಿದ್ದ.

ಸಂಜೆಗೆ ಬೇಕಾದ ಚಿತ್ರಗಳು ಸಿಕ್ಕವು. ಎರಡು. ಒಂದರಲ್ಲಿ ಹರೆಯದ ಹೊಲಿಗೆಯಮ್ಮ ನೀರಿನ ಟ್ಯಾಂಕಿನ ಕಲ್ಲುಕಟ್ಟೆಯ ಬಳಿ ಹಣೆಗೆ ಕೈಯಡ್ಡ ಹಿಡಿದು ನಿಂತಿದ್ದಾಳೆ. ಅವಳ ಹೆಗಲಾಚೆ ದೂರದಲ್ಲಿ ಚಿಕ್ಕದೊಂದು ರಾಟೆ ಗೋಪುರ, ಆ ಗಾಳಿಬಾವಿಯ ಮೇಲೆ ನಿಂತಿದ್ದದ್ದು. ಇನ್ನೊಂದರಲ್ಲಿ ದೀಪದ ಕೋಣೆಯ ಹೊಸ್ತಿಲಲ್ಲಿ ಸಿಟ್ಟಿನ ಮೋರೆ ಮಾಡಿಕೊಂಡು ನಿಂತಿದ್ದಾಳೆ. ಗೋಡೆಯ ಅಂಚಿನಲ್ಲಿ ಅದೇ ಗೋಪುರದ ತುದಿ. ಸರ್ವೆಯವಳು ಹುರುಪಿನಿಂದ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಟ್ಯಾಂಕಿನ ಕಟ್ಟೆ, ಆ ಚಿತ್ರದ ಅಂಚಿನಲ್ಲಿ ಕಾಣುವ ಚಿಮಣಿ ಇವತ್ತಿಗೂ ಇವೆ. ದೀಪದ ಕೋಣೆ ಈಗ ಸೈಕಲ್ ರಿಪೇರಿ ಅಂಗಡಿ, ಹೊಸ್ತಿಲು ಅದೇ. ದೀಪದ ಮಾಮ ಕ್ಯಾಮೆರಾ ಹಿಡಿದು ನಿಂತ ಜಾಗ ಗೊತ್ತಾದರೆ ಅಲ್ಲಿಂದ ಗೋಪುರಕ್ಕೆ ಒಂದು ಗೆರೆ ಎಳೆಯಬಹುದು. ಎರಡು ಚಿತ್ರ, ಎರಡು ಗೆರೆ. ಅವು ಸೇರುವ ಕಡೆ ಬಾವಿ.

"ಅವರು ನಿಂತ ಜಾಗ ಹೇಗೆ ಗೊತ್ತಾಗುತ್ತೆ?" ಎಂದಳು ಮಗಳು.

"ಅಮ್ಮನಿಂದ," ಎಂದಳು ಸರ್ವೆಯವಳು. "ಚಿತ್ರದಲ್ಲಿ ಇವರು ಎಷ್ಟುದ್ದ ಕಾಣ್ತಾರೆ, ನಿಜವಾಗಿ ಎಷ್ಟುದ್ದ ಇದ್ರು, ಎರಡೂ ಗೊತ್ತಾದ್ರೆ ಕ್ಯಾಮೆರಾ ಎಷ್ಟು ದೂರ ಇತ್ತು ಅಂತ ಲೆಕ್ಕ ಹಾಕ್ತೀನಿ. ಇವರು ನಿಂತಿಲ್ಲದೇ ಇದ್ದಿದ್ರೆ ಈ ಚಿತ್ರ ನನಗೆ ಬರೀ ಚಿತ್ರ ಆಗಿರೋದು."

ಹೊಲಿಗೆಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಸರ್ವೆಯವಳು ಗೋಪುರವನ್ನು ಹಿಗ್ಗಿಸಿ ನೋಡಿ ಮುಖ ಕಿವುಚಿದಳು. ಗೋಪುರದ ಕಾಲುಗಳು ಮಂಜು ಮಂಜು. ಮತ್ತೊಂದು ಚಿತ್ರ ತೆಗೆದಳು, ಅಲ್ಲೂ ಹಾಗೆಯೇ. ಹೊಲಿಗೆಯಮ್ಮ ನಿಂತಿರುವ ಇನ್ನಷ್ಟು ಚಿತ್ರಗಳನ್ನು ಒಂದರ ಮೇಲೊಂದು ತೆರೆದಳು: ಚಿಮಣಿ, ಕ್ಯಾಂಟೀನು, ದೊಡ್ಡ ರಾಟೆ.

"ಅಮ್ಮಾ, ನಿಮ್ಮವರು ನನಗೆ ತುಂಬ ತೊಂದರೆ ಕೊಟ್ಟಿದಾರೆ," ಎಂದಳು ನಗುತ್ತ. "ಗೋಪುರದ ಚಿತ್ರ ತೆಗೀತೀನಿ ಅಂತ ಹೇಳಿ ಗೋಪುರವನ್ನ ಸರಿಯಾಗಿ ನೋಡೇ ಇಲ್ಲ. ಇಲ್ಲಿ ನೋಡಿ."

ಅವಳು ಬೆರಳಾಡಿಸಿದಳು. ಗೋಪುರ ಪರದೆಯಿಂದ ಸರಿಯಿತು. ಮುಖವೊಂದು ಹತ್ತಿರ ಬಂತು, ಬರುತ್ತಲೇ ಇತ್ತು, ಪರದೆ ತುಂಬುವವರೆಗೆ. ಹಣೆಯ ಮೇಲೆ ಹಾರಿದ ಕೂದಲಿನ ಎಳೆ, ಬಿಸಿಲಿಗೆ ಕಿರಿದಾದ ಕಣ್ಣು, ಕುಪ್ಪಸದ ಕೊರಳಿಗೆ ತಾನೇ ಹಾಕಿದ ಸಣ್ಣ ಕಸೂತಿ. ಎಣಿಸಬಹುದಾದಷ್ಟು ಸ್ಪಷ್ಟ. ಚಿಮಣಿಯ ಚಿತ್ರದಲ್ಲಿ ಚಿಮಣಿ ಮಸುಕು, ಅವಳು ಸ್ಪಷ್ಟ. ಕ್ಯಾಂಟೀನು ಮಸುಕು, ಅವಳು ಸ್ಪಷ್ಟ. ಕಾಗದದ ಮೇಲೆ ಅವನು ಮೂಡಿಸುತ್ತಿದ್ದ ಅಂಗೈಯಗಲದ ಪ್ರತಿಗಳಲ್ಲಿ ಅವಳು ಒಂದು ಗುಂಡುಸೂಜಿಯಷ್ಟಿದ್ದಳು. ತನ್ನ ಮುಖ ಕಾಣುವುದೇ ಇಲ್ಲವೆಂದು ಮುನಿಸಿಕೊಂಡು ನೋಡುವುದನ್ನೇ ಬಿಟ್ಟಿದ್ದಳು. ಆ ಕಪ್ಪು ಫಿಲ್ಮಿನೊಳಗೆ ಇಷ್ಟು ವರ್ಷವೂ ಅವಳಿದ್ದಳು.

"ದೊಡ್ಡದು ಮಾಡಿ ತೋರಿಸಬಹುದಿತ್ತಲ್ಲ ನನಗೆ," ಎಂದಳು ಹೊಲಿಗೆಯಮ್ಮ.

"ದೊಡ್ಡ ಕಾಗದ ಎಲ್ಲಿತ್ತಮ್ಮ ಅಪ್ಪನ ಹತ್ತಿರ," ಎಂದಳು ಮಗಳು.

ಅದೂ ನಿಜವೇ. ಹೊಲಿಗೆಯಮ್ಮ ಮಗಳ ಕೈಯನ್ನು ಹಿಡಿದುಕೊಂಡಳು.

ಅವಳ ಉದ್ದ ಎಷ್ಟೆಂಬ ಪ್ರಶ್ನೆ ಬಂತು. ಗೋಡೆಗೆ ನಿಲ್ಲಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ವಯಸ್ಸು ಅವಳನ್ನು ಕುಗ್ಗಿಸಿತ್ತು, ಬೆನ್ನೂ ಬಾಗಿತ್ತು. ಆದರೆ ಅಳತೆಯ ವಿಷಯದಲ್ಲಿ ಅವಳಿಗೆ ತಲೆ ಕೆಡಿಸಿಕೊಳ್ಳುವ ಕಾರಣವಿರಲಿಲ್ಲ. ಮಗಳ ಮೊದಲ ಡ್ರೈವರ್ ಸಮವಸ್ತ್ರಕ್ಕೆ ಅಳತೆ ತೆಗೆದಾಗಲೇ ಕಂಡಿತ್ತು, ಹರೆಯದಲ್ಲಿ ತನ್ನ ಉದ್ದ ಎಷ್ಟಿತ್ತೋ ಅಷ್ಟೇ, ಬೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. "ಇವಳನ್ನ ನಿಲ್ಲಿಸಿ," ಎಂದಳು.

ಹೀಗಾಗಿ ಮರುದಿನ ಡ್ರೈವರಿನ ಸಮವಸ್ತ್ರ ತೊಟ್ಟ ಮಗಳು ಟ್ಯಾಂಕಿನ ಕಟ್ಟೆಯ ಬಳಿ ಹಣೆಗೆ ಕೈಯಿಟ್ಟು ನಿಂತಳು. ಅರ್ಧ ಊರು ದೂರದಲ್ಲಿ ಸಾಲುಗಟ್ಟಿತ್ತು. ಗಂಡ ಸಂಜೆ ಹೊತ್ತು ಆ ಬದಿಯ ಇಳಿಜಾರಿನಿಂದ ತೆಗೆದದ್ದು ಎಂದು ಹೊಲಿಗೆಯಮ್ಮ ಖಡಾಖಂಡಿತವಾಗಿ ಹೇಳಿದಳು. ಸರ್ವೆಯವಳು ಚಿತ್ರದೊಳಗಿನ ನೆರಳನ್ನು ತೋರಿಸಿ, ಇದು ಬೆಳಗಿನ ನೆರಳು, ಅವರು ಈ ಬದಿಗಿದ್ದರು ಎಂದಳು. ನೋಡಿದರೆ ಹೌದು. ತನ್ನ ನೆನಪು ಊರ ಗಡಿಯಾರದ ಹಾಗೆ, ಇದೆ ಅಂತ ಹೆಸರಿಗೆ, ಎಂದು ಹೊಲಿಗೆಯಮ್ಮ ಒಪ್ಪಿಕೊಂಡಳು. ಲೆಕ್ಕ ಹಾಕಿ, ಟೇಪು ಹಿಡಿದು, ಹುಲ್ಲಿನ ನಡುವೆ ಒಂದು ಗೂಟ ನೆಟ್ಟರು. ಕಟ್ಟೆಯ ಮೂಲೆ, ಚಿಮಣಿಯ ತುದಿ, ಮಗಳ ಹೆಗಲು ಚಿತ್ರದಲ್ಲಿದ್ದಂತೆಯೇ ಕೂಡುತ್ತವೆಯೇ ನೋಡಿ ಹೇಳಿ ಎಂದು ಸರ್ವೆಯವಳು ಹೊಲಿಗೆಯಮ್ಮನನ್ನು ಆ ಗೂಟದ ಬಳಿ ನಿಲ್ಲಿಸಿದಳು.

ಅವಳು ಚಿತ್ರವನ್ನೊಮ್ಮೆ, ಎದುರಿಗೊಮ್ಮೆ ನೋಡಿದಳು. ಎರಡು ಹೆಜ್ಜೆ ಎಡಕ್ಕೆ ಸರಿದಳು. ಕಟ್ಟೆಯ ಮೂಲೆ ಚಿಮಣಿಗೆ ತಾಗಿತು. ಬೆಳಗಿನ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಬೇಸರದಿಂದ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತ ಹೆಣ್ಣು ಎದುರಿಗಿದ್ದಳು. ಇಷ್ಟು ದಿನ ಅವಳಿಗೆ ಆ ಬದಿಯ ನೆನಪು ಮಾತ್ರ ಇತ್ತು: ಬಿಸಿಲು, ಕಾಲುನೋವು, "ಇನ್ನೂ ಎಷ್ಟು ಹೊತ್ತು?" ಎಂಬ ಸಿಡುಕು. ಈ ಬದಿಯಿಂದ ಇಷ್ಟು ಚೆಂದ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಯಾಕೆ ಬೇಗ ಮುಗಿಸುತ್ತಿರಲಿಲ್ಲವೆಂದು ಈಗ ತಿಳಿಯಿತು.

"ಆಯ್ತಾ ಅಮ್ಮ? ಕೈ ಸೋತುಹೋಯ್ತು," ಎಂದು ಮಗಳು ಕೂಗಿದಳು.

"ಸ್ವಲ್ಪ ಇರು," ಎಂದಳು ತಾಯಿ. "ಹಾಗೇ ಇರು."

ಅವಳು ತನ್ನಷ್ಟಕ್ಕೆ ಏನೋ ಹೇಳಿಕೊಂಡಳು. ಪಕ್ಕದಲ್ಲಿದ್ದ ಸರ್ವೆಯವಳಿಗೆ ಕೇಳಿಸಿದರೂ ಕೇಳಿಸದವಳ ಹಾಗೆ ತನ್ನ ಅಳತೆ ಯಂತ್ರದ ತಿರುಪು ತಿರುಗಿಸುತ್ತ ನಿಂತಳು.

ಸೈಕಲ್ ಅಂಗಡಿಯ ಹೊಸ್ತಿಲಿನಿಂದ ಎರಡನೆಯ ಗೆರೆಯೂ ಸಿಕ್ಕಿತು. ಎರಡೂ ಸೇರಿದ್ದು ರಸ್ತೆಯ ಕೆಳಗೂ ಅಲ್ಲ, ಶಾಲೆಯ ಮೈದಾನದ ಕೆಳಗೂ ಅಲ್ಲ. ಬೇಕರಿಯವನ ಮನೆಯ ಹಿಂದಿನ ಖಾಲಿ ದಿಬ್ಬದ ಅಂಚಿನಲ್ಲಿ. ಗಟ್ಟಿ ನೆಲದ ಕಡೆಯಿಂದ ಸಣ್ಣ ಯಂತ್ರ ತಂದು ಓರೆಯಾಗಿ ಕೊರೆದರು. ಮೊದಲ ಸಲ ಬರೀ ಕಲ್ಲು ಬಂತು, ಜನರ ಮುಖ ಬಾಡಿತು. ಗೋಪುರ ಮಂಜಾಗಿದೆಯಲ್ಲ, ಸ್ವಲ್ಪ ಆಚೀಚೆ ಆಗುತ್ತದೆಂದು ಸರ್ವೆಯವಳು ಕೊರೆಯುವುದನ್ನು ಪಕ್ಕಕ್ಕೆ ಸರಿಸಿದಳು. ಎರಡನೆಯ ಸಲ ಕೊಳೆತ ಮರದ ಚೂರು ಬಂತು, ಹಿಂದೆಯೇ ಕೊರೆಯುವ ಸರಳು ಸಡಿಲವಾಗಿ ಕೆಳಗೆ ಜಾರಿತು. ಬಾವಿಯ ಬಾಯಿಗೆ ಆ ಕಾಲದವರು ಮರದ ತೊಲೆ ಹಾಸಿ ಮಣ್ಣು ಮುಚ್ಚಿದ್ದರು. ತೊಲೆ ಲಡ್ಡಾಗಿ ಮುರಿದು, ಸುತ್ತಲಿನ ಮಣ್ಣು ಒಳಗೆ ಸುರಿಯುತ್ತಿತ್ತು.

ಜಾಗ ತಿಳಿದ ಮೇಲೆ ಕೆಲಸ ಚುರುಕಾಯಿತು. ಲಾರಿಗಟ್ಟಲೆ ಕಾಂಕ್ರೀಟು ಸುರಿದರು. ಬೇಕರಿಯವನ ಮನೆಯನ್ನು ಮಾತ್ರ ಉಳಿಸಲಾಗಲಿಲ್ಲ, ಅದರ ತಳಪಾಯ ಬಿರುಕುಬಿಟ್ಟಿತ್ತು. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಶಾಲೆಯಿಂದ ತಮ್ಮ ತಮ್ಮ ಬಾಗಿಲಿಗೆ ಮರಳಿದರು. ಮಕ್ಕಳು ತಮ್ಮ ಬೆಂಚುಗಳಿಗೆ ಮರಳಬೇಕಾಯಿತಲ್ಲ ಎಂದು ಅಳುಮೋರೆ ಹಾಕಿದರು.

ಹೊಸ ಮನೆಯಾಗುವವರೆಗೆ ಬೇಕರಿಯವನ ಸಂಸಾರಕ್ಕೆ ಹೊಲಿಗೆಯಮ್ಮ ತನ್ನ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಬೇರೆಯವರ ಒಲೆಯಲ್ಲಿ ಬೇಯಿಸಿ ತಂದ ಬ್ರೆಡ್ಡಿನ ಘಮ ಬೆಳಗಾಗುವುದಕ್ಕೂ ಮೊದಲೇ ಮನೆ ತುಂಬುತ್ತಿತ್ತು, ಮಗು ಹೊಲಿಗೆ ಯಂತ್ರದ ಕೆಳಗೆ ನೂಲಿನ ಉಂಡೆ ಅಟ್ಟಿಸಿಕೊಂಡು ಹೋಗುತ್ತಿತ್ತು. ಮುಂಚೆ ಕತ್ತರಿ ಇಟ್ಟ ಕಡೆ ಇರಬೇಕೆನ್ನುತ್ತಿದ್ದವಳು ಈಗ ಕತ್ತರಿಯನ್ನು ಎತ್ತರದ ಶೆಲ್ಫಿಗೆ ಏರಿಸಿ, ದಿನಕ್ಕೆ ಹತ್ತು ಸಲ ಸ್ಟೂಲು ಹತ್ತಿ ಇಳಿದರೂ ಮುಖ ಗಂಟಿಕ್ಕಲಿಲ್ಲ. ಬಿಡುವಿನ ದಿನ ಜನ ಬರುತ್ತಿದ್ದರು. ನಮ್ಮಪ್ಪ ಇರಬಹುದೇ, ನಮ್ಮತ್ತೆ ಇರಬಹುದೇ ಎಂದು ಚಿತ್ರಗಳನ್ನು ಹುಡುಕುತ್ತಿದ್ದರು. ಸಿಕ್ಕವರು ಕಣ್ಣೊರೆಸಿಕೊಂಡು ಹೋಗುತ್ತಿದ್ದರು, ಸಿಗದವರು ಚಹಾ ಕುಡಿದು ಹೋಗುತ್ತಿದ್ದರು. ದೀಪದ ಮಾಮ ನಮಗೆಲ್ಲ ಎಷ್ಟು ದೊಡ್ಡ ಉಪಕಾರ ಮಾಡಿದ ಎಂದು ಎಲ್ಲರೂ ಹೇಳುವಾಗ ಅವಳು ಬೇಡವೆನ್ನದೆ ಕೇಳಿಸಿಕೊಳ್ಳುತ್ತಿದ್ದಳು. ಅವನ ಪಾಲಿನ ಕೃತಜ್ಞತೆಯನ್ನು ಇಸಿದುಕೊಳ್ಳಲು ಇನ್ಯಾರಿದ್ದಾರೆ?

ಸರ್ವೆಯವಳು ಬೇರೆ ಕೆಲಸಕ್ಕೆ ಹೊರಡುವ ದಿನ ಹೇಳಿಹೋಗಲು ಬಂದಳು. ಹೊಲಿಗೆಯಮ್ಮ ಅವಳನ್ನು ಕೂರಿಸಿ, ಒಳಗಿನಿಂದ ದಪ್ಪ ಬಟ್ಟೆಯ ಕೋಟೊಂದನ್ನು ತಂದು ಮಡಿಲಿಗಿಟ್ಟಳು. ಅಳತೆ ಕೇಳಿರಲಿಲ್ಲ, ಕಣ್ಣಳತೆಯಲ್ಲೇ ಹೊಲಿದದ್ದು. ಟೇಪಿಗೆ, ಪೆನ್ಸಿಲಿಗೆ, ಸುತ್ತಿಗೆಗೆ ಬೇರೆ ಬೇರೆ ಜೇಬು.

"ಇದೆಲ್ಲ ಯಾಕಮ್ಮ? ನಾನು ನನ್ನ ಕೆಲಸ ಮಾಡಿದೆ ಅಷ್ಟೆ. ಥ್ಯಾಂಕ್ಸ್ ಹೇಳಬೇಕಾಗಿರೋದು ನಿಮ್ಮವರಿಗೆ."

"ಅವರಿಗೆ ಅವತ್ತೇ ಹೇಳಿಯಾಯ್ತು, ಆ ಗೂಟದ ಹತ್ತಿರ ನಿಂತು," ಎಂದಳು ಹೊಲಿಗೆಯಮ್ಮ. "ಇದು ನಿಮಗೆ. ಹಾಕ್ಕೊಂಡು ತೋರಿಸಿ, ತೋಳು ಉದ್ದ ಆಗಿರಬೇಕು."

ತೋಳು ಒಂದಿಷ್ಟು ಉದ್ದವೇ ಆಗಿತ್ತು. ಸರ್ವೆಯವಳು ಅದನ್ನು ಮಡಚಿಕೊಂಡು, ಹಾಗೆಯೇ ಇರಲಿ, ಚಳಿಯ ಊರಿಗೇ ಹೋಗುತ್ತಿರುವುದು ಎಂದಳು.